ನಾಲ್ಕು ಸಿಡಿ, ನಾಲ್ಕು ಪ್ಲೇಯರ್, ನಾಲ್ಕು ಜನ: ‘ಝೈರೀಕಾ’ ಕೇಳೋದು ಹೇಗೆ

ಅಮೆರಿಕದ ಓಕ್ಲಹೋಮಾ ಸಿಟಿಯ ಫ್ಲೇಮಿಂಗ್ ಲಿಪ್ಸ್ ಬ್ಯಾಂಡ್ 1997ರಲ್ಲಿ ‘ಝೈರೀಕಾ’ ಅನ್ನುವ ಆಲ್ಬಂ ತಂದಿತು. ಡಬ್ಬಿ ತೆರೆದರೆ ನಾಲ್ಕು ಸಿಡಿ. ನಾಲ್ಕರಲ್ಲೂ ಅದೇ ಎಂಟು ಹಾಡು, ಆದರೆ ಹಾಡಿನ ಒಂದೊಂದು ಪಾಲು ಒಂದೊಂದು ಸಿಡಿಯಲ್ಲಿ. ನಾಲ್ಕು ಪ್ಲೇಯರ್‌ಗೆ ಹಾಕಿ ಒಂದೇ ಸಲ ಪ್ಲೇ ಒತ್ತಿದರೆ ಮಾತ್ರ ಹಾಡು ಪೂರ್ತಿ ಕೇಳುತ್ತದೆ. ಸಂಗೀತ ವಿಮರ್ಶೆಯ ವೆಬ್‌ಸೈಟ್ ಪಿಚ್‌ಫೋರ್ಕ್‌ನವರು ಆಗ ಇದಕ್ಕೆ ಹತ್ತಕ್ಕೆ ಸೊನ್ನೆ ಕೊಟ್ಟಿದ್ದರು. ನಾಲ್ಕು ಪ್ಲೇಯರ್ ಎಲ್ಲಿಂದ ತರೋದು ಅನ್ನುವ ಸಿಟ್ಟೂ ಅದರಲ್ಲಿ ಇದ್ದಿರಬೇಕು.

ನಾಲ್ಕನ್ನೂ ಬೆರೆಸಿ ಒಂದೇ ಫೈಲ್ ಮಾಡಿದ್ದು ಇಂಟರ್ನೆಟ್ಟಲ್ಲಿ ಓಡಾಡುತ್ತಿರುತ್ತದೆ. ನನ್ನ ಮೊದಲ ಸಲಹೆ, ಅದನ್ನು ಮುಟ್ಟಬೇಡಿ. ಅದರಲ್ಲಿ ಎಲ್ಲ ಸರಿಯಾಗಿ ಕೂತಿರುತ್ತದೆ, ಅದೇ ತಪ್ಪು. ಪ್ರತಿ ಪ್ಲೇಯರ್ ಒಳಗೂ ಅದರದ್ದೇ ಒಂದು ಗಡಿಯಾರ ಇರುತ್ತದೆ, ಎರಡು ಗಡಿಯಾರ ಒಂದೇ ಥರ ಓಡುವುದಿಲ್ಲ. ಹತ್ತು ಲಕ್ಷ ಸೆಕೆಂಡಿಗೆ ಬರೀ 50 ಸೆಕೆಂಡಿನಷ್ಟು ವ್ಯತ್ಯಾಸ ಇದ್ದರೂ ಹತ್ತು ನಿಮಿಷಕ್ಕೆ 30 ಮಿಲಿಸೆಕೆಂಡ್ ಆಗುತ್ತದೆ. ಭಜನೆಯಲ್ಲಿ ಒಬ್ಬರ ತಾಳ ಸ್ವಲ್ಪ ಹಿಂದೆ ಬಿದ್ದ ಹಾಗೆ ಕೇಳುತ್ತದೆ. ಈ ಬ್ಯಾಂಡ್‌ನವರಿಗೆ ಬೇಕಾಗಿದ್ದೂ ಅದೇ. ಹಾಗಾಗಿ ಇದು ಯಾರ ಮನೆಯಲ್ಲೂ ಎರಡು ಸಲ ಒಂದೇ ಥರ ಕೇಳುವುದಿಲ್ಲ.

ಈ ಹುಚ್ಚು ಶುರುವಾಗಿದ್ದು ಕಾರ್ ಪಾರ್ಕಿಂಗ್‌ನಲ್ಲಿ. 1996ರಲ್ಲಿ ಗಿಟಾರ್ ನುಡಿಸುತ್ತಿದ್ದ ರೊನಾಲ್ಡ್ ಜೋನ್ಸ್ ಬ್ಯಾಂಡ್ ಬಿಟ್ಟರು. ಉಳಿದವರು ಮೂರೇ ಜನ: ವೇಯ್ನ್ ಕೊಯ್ನ್, ಸ್ಟೀವನ್ ಡ್ರೋಜ್ಡ್, ಮೈಕಲ್ ಐವಿನ್ಸ್. ಕೊಯ್ನ್ ಸುಮಾರು 40 ಕ್ಯಾಸೆಟ್ ತಯಾರು ಮಾಡಿ, ಕಾರು ಇರುವವರನ್ನೆಲ್ಲ ಪಾರ್ಕಿಂಗ್ ಜಾಗಕ್ಕೆ ಕರೆದು, ಕಾರಿಗೊಂದು ಕ್ಯಾಸೆಟ್ ಕೊಟ್ಟು, ಹೇಳಿದಾಗ ಒತ್ತಿ ಅಂದರು. ಝೈರೀಕಾ ಅದನ್ನೇ ಮನೆಯ ಹಾಲ್‌ಗೆ ಇಳಿಸಿದ್ದು.

ಈಗ ಸಾಮಾನು. ಸಿಡಿಗಳನ್ನು ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಪ್ಲೇಯರ್‌ಗೆ ದುಡ್ಡು ಸುರಿಯಬೇಡಿ, ಅಟ್ಟದ ಮೇಲೆ ನೋಡಿ. ಹಳೇ ಡಿವಿಡಿ ಪ್ಲೇಯರ್ ಸಿಡಿಯನ್ನೂ ಓದುತ್ತದೆ. ಸಿಡಿ ಡ್ರೈವ್ ಇರುವ ಹಳೇ ಲ್ಯಾಪ್‌ಟಾಪ್ ಆಗುತ್ತದೆ. ನಮ್ಮ ಮನೆಯಲ್ಲಿ ಒಂದು ಡಿವಿಡಿ ಪ್ಲೇಯರ್, ಅಣ್ಣನ ಮನೆಯಿಂದ ತಂದ ಇನ್ನೊಂದು, ಒಂದು ಟೇಪ್‌ರೆಕಾರ್ಡರ್ ಕಂ ಸಿಡಿ, ಒಂದು ಲ್ಯಾಪ್‌ಟಾಪ್. ಎರಡೂ ಡಿವಿಡಿ ಪ್ಲೇಯರ್ ಒಂದೇ ಕಂಪನಿಯದಾದರೆ ಒಂದು ರಿಮೋಟ್‌ಗೆ ಎರಡೂ ಕುಣಿಯುತ್ತವೆ. ಶುರು ಮಾಡುವಾಗ ಅನುಕೂಲ, ಒಂದನ್ನು ಮಾತ್ರ ನಿಲ್ಲಿಸಬೇಕಾದಾಗ ತಲೆನೋವು. ಒಂದರ ಸೆನ್ಸರ್ ಮೇಲೆ ಕಾಗದ ಅಂಟಿಸಿ, ಅದನ್ನು ಕೈಯಲ್ಲೇ ಒತ್ತಿ.

ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ. ಅದರಲ್ಲಿ ದನಿ ತಡವಾಗಿ ಹೊರಡುತ್ತದೆ, ಈ ಆಲ್ಬಂ ತಡೆದುಕೊಳ್ಳುವುದಕ್ಕಿಂತ ಜಾಸ್ತಿ ತಡ. ವೈರ್ ಹಾಕಿ.

ಒತ್ತುವುದೇ ಮುಖ್ಯ ಕೆಲಸ. ಸುಮ್ನೆ ಪ್ಲೇ ಒತ್ತಿದರೆ ಒಂದು ಪ್ಲೇಯರ್ ತಕ್ಷಣ ಹಾಡುತ್ತದೆ, ಇನ್ನೊಂದು ಸಿಡಿಯನ್ನು ಗರಗರ ತಿರುಗಿಸಿ ಯೋಚನೆ ಮಾಡುತ್ತಾ ಕೂರುತ್ತದೆ. ಅದಕ್ಕೆ ಎಲ್ಲರೂ ಮೊದಲು ಪ್ಲೇ ಒತ್ತಿ, ದನಿ ಬರುವ ಮೊದಲೇ ಪಾಝ್ ಮಾಡಬೇಕು. ಈಗ ನಾಲ್ಕೂ ಸಿಡಿ ಒಳಗೆ ತಿರುಗುತ್ತಿರುತ್ತವೆ, ಹಾಡಿನ ತಲೆಯಲ್ಲೇ ನಿಂತಿರುತ್ತವೆ. ಆಮೇಲೆ ಒಬ್ಬರು ಎಣಿಸಿ, ಎಲ್ಲರೂ ಒಟ್ಟಿಗೆ ಪಾಝ್ ಬಿಡಿ. ‘ಒಂದು’ ಅಂದಾಗಲೋ, ಅದಾದ ಮೇಲೋ? ಇದನ್ನು ಮೊದಲೇ ತೀರ್ಮಾನ ಮಾಡಿ. “ಅತ್ತೆ, ಒಂದಕ್ಕೆ ಒತ್ತಲಾ, ಒಂದಾದ್ಮೇಲೆ ಒತ್ತಲಾ?” ಅಂತ ಅಣ್ಣನ ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ “ಮೂರು, ಎರಡು, ಒಂದು, ಹೂಂ” ಅನ್ನುತ್ತೇವೆ, ‘ಹೂಂ’ಗೆ ಒತ್ತುತ್ತೇವೆ. ಪ್ರತಿ ಹಾಡಿಗೂ ಹೀಗೆ ಹೊಸದಾಗಿ ಶುರು ಮಾಡಿ. ಒಬ್ಬರೇ ನಾಲ್ಕೂ ಕಡೆ ಓಡಲು ಆಗುವುದಿಲ್ಲ. ಜನ ಬೇಕು.

ಪ್ಲೇಯರ್‌ಗಳನ್ನು ಹಾಲ್‌ನ ನಾಲ್ಕು ಮೂಲೆಗೆ ಇಡಿ. ಮೊದಲು ಒಂದೊಂದನ್ನೇ ಹಾಕಿ, ನಡುವೆ ನಿಂತು ವಾಲ್ಯೂಮ್ ಸಮ ಮಾಡಿ. ಯಾವ ಸಿಡಿಯಲ್ಲಿ ಬೇಸ್ ಜಾಸ್ತಿ ಅನ್ನಿಸಿತೋ ಅದಕ್ಕೆ ಇರೋದರಲ್ಲಿ ಒಳ್ಳೇ ಸ್ಪೀಕರ್ ಕೊಡಿ. ಶುರುವಾದ ಮೇಲೆ ಕೂರಬೇಡಿ, ಓಡಾಡಿ. ಸದ್ದು ಹತ್ತು ಅಡಿ ಬರಲು ಸುಮಾರು 9 ಮಿಲಿಸೆಕೆಂಡ್ ಬೇಕು, ಹಾಗಾಗಿ ಸೋಫಾದಲ್ಲಿ ಕೇಳಿದ ಹಾಡೇ ಬೇರೆ, ಅಡುಗೆಮನೆ ಬಾಗಿಲಲ್ಲಿ ಕೇಳಿದ್ದೇ ಬೇರೆ.

ಎಲ್ಲ ಹಾಡೂ ಸಮನಾಗಿಲ್ಲ. ‘ರೈಡಿಂಗ್ ಟು ವರ್ಕ್ ಇನ್ ದ ಇಯರ್ 2025’ ನನಗೆ ತುಂಬಾ ಇಷ್ಟ. ಅವತ್ತಿನ ದೂರದ ಭವಿಷ್ಯ ನಮಗೆ ಹಿಂದೆ ಬಿದ್ದಾಯಿತು! ‘ಎ ಮೆಷಿನ್ ಇನ್ ಇಂಡಿಯಾ’ ಅಂತಲೂ ಒಂದಿದೆ. ಇಂಡಿಯಾ ಅಂದಿದ್ದಕ್ಕೆ ನಮ್ಮೂರ ಕಥೆ ಹುಡುಕಬೇಡಿ. ಹತ್ತು ನಿಮಿಷ ದಾಟುವ ಹಾಡು ಅದು, ಗಡಿಯಾರಗಳ ಜಗಳ ಗೊತ್ತಾಗುವುದು ಅಲ್ಲೇ. ಏಳನೆಯದು ‘ಮಾರ್ಚ್ ಆಫ್ ದ ರಾಟನ್ ವೆಜಿಟೇಬಲ್ಸ್’. ಅದರಲ್ಲಿ ಡ್ರಮ್ ಜೋರು, ನಾಲ್ವರಲ್ಲಿ ಯಾರು ತಡವಾಗಿ ಒತ್ತಿದರು ಅನ್ನೋದು ಊರಿಗೇ ಗೊತ್ತಾಗುತ್ತದೆ.

ಆರನೆಯದಕ್ಕೆ ಮಾತ್ರ ಎಚ್ಚರ. ಅದರಲ್ಲಿ ತೀರಾ ಮೇಲಿನ, ತೀರಾ ಕೆಳಗಿನ ಸ್ವರಗಳಿವೆ. ತಲೆ ಸುತ್ತಬಹುದು, ಗಾಡಿ ಓಡಿಸುವಾಗ ಕೇಳಬೇಡಿ, ಎಳೆ ಮಕ್ಕಳಿಗೆ ಕೇಳಿಸಬೇಡಿ ಅಂತ ಆಲ್ಬಂನಲ್ಲೇ ಎಚ್ಚರಿಕೆ ಇದೆ. ನಮ್ಮ ಮನೆಗೆ ಮಗು ಬಂದಿದ್ದರೆ ಈ ಹಾಡು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಅದೇನು ಅಂಥಾ ನಷ್ಟವಲ್ಲ.

ನಾಲ್ಕನೇ ಪ್ಲೇಯರ್ ಸಿಗಲಿಲ್ಲವಾ? ಮೂರರಲ್ಲಿ ಹಾಕಿ, ಎರಡರಲ್ಲಿ ಹಾಕಿ. ಹಾಗೆ ಬೇಕಾದ ಹಾಗೆ ಜೋಡಿಸಿ ಕೇಳಲಿ ಅಂತಲೇ ಮಾಡಿದ್ದಾರೆ. ನಾಲ್ಕೂ ಸಿಡಿ ಪೂರ್ತಿ ಓಡಲು ಸುಮಾರು 45 ನಿಮಿಷ, ನಡುವೆ ಎಣಿಸುವುದು, ನಗುವುದು, ಮತ್ತೆ ಶುರು ಮಾಡುವುದು ಎಲ್ಲ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಮೊದಲೇ ಮುಗಿಸಿ. ಕೊನೆಯ ಹಾಡಿನಲ್ಲಿ ನಾಲ್ಕೂ ಮೂಲೆಯಿಂದ ನಾಯಿಗಳು ಬೊಗಳುತ್ತವೆ. ಕಿಟಕಿ ತೆರೆದಿದ್ದರೆ ಬೀದಿಯ ನಾಯಿಗಳೂ ಸೇರಿಕೊಳ್ಳುತ್ತವೆ, ಆಮೇಲೆ ಅಕ್ಕಪಕ್ಕದವರಿಗೆ ಉತ್ತರ ಕೊಡಬೇಕಾದವರು ನೀವೇ.