ವರ್ಡ್‌ಪ್ರೆಸ್ ಸೈಟ್ ಬೆಳ್ಳಗಾಗಿ ನಿಂತ್ರ ಏನ್ ಮಾಡೂದು

ಇಳಕಲ್ ಸೀರಿ ಬಗ್ಗೆ ಬರಿಯೂ ನನ್ನ ಸೈಟ್ ಹೋದ ಶ್ರಾವಣದಾಗ ಒಂದ್ ಪ್ಲಗಿನ್ (ಸೈಟಿಗೆ ಹೆಚ್ಚಿನ ಸೌಲಭ್ಯ ಕೊಡೂ ಸಣ್ಣ ಪ್ರೋಗ್ರಾಂ) ಅಪ್‌ಡೇಟ್ ಒತ್ತಿದ ಕೂಡ್ಲೆ ಪೂರಾ ಬೆಳ್ಳಗಾಗಿ ನಿಂತ್‌ಬಿಡ್ತು, ಲಾಗಿನ್ ಪೇಜೂ ತೆರಿಲಿಲ್ಲ, ಟೋಪ ತೆನಿ ಸೆರಗಿನ ಫೋಟೋ ಹಾಕಿ ಎರಡ್ ರಾತ್ರಿ ಕುಂತು ಬರದಿದ್ದೆಲ್ಲಾ ಹೋತು ಅಂತ ಎದಿ ಧಸಕ್ ಅಂತು. ನಿಮಗೂ ಹಿಂಗಾದ್ರ ಗಾಬರಿ ಆಗಬ್ಯಾಡ್ರಿ, ಬರದದ್ದು ಡೇಟಾಬೇಸ್‌ನಾಗ ಇರ್ತೈತಿ.

ಮೊದ್ಲ ಅಡ್ಮಿನ್ ಈಮೇಲ್ ನೋಡ್ರಿ, 2019ರಾಗ ಬಂದ ವರ್ಡ್‌ಪ್ರೆಸ್ 5.2 ವರ್ಷನ್‌ನಿಂದ ರಿಕವರಿ ಮೋಡ್ (ಕೆಟ್ಟ ಪ್ಲಗಿನ್ ನಿಲ್ಲಿಸಿ ಲಾಗಿನ್ ಆಗೂ ದಾರಿ) ಲಿಂಕ್ ಕಳಸೂ ವ್ಯವಸ್ಥಾ ಐತಿ. ಬರ್ಲಿಲ್ಲಂದ್ರ ಹೋಸ್ಟಿಂಗ್‌ನ (ನಿಮ್ಮ ಸೈಟ್ ಇಟ್ಟಿರೂ ಕಂಪನಿಯ) ಫೈಲ್ ಮ್ಯಾನೇಜರ್‌ಗೆ ಹೋಗಿ ಡಬ್ಲ್ಯೂಪಿ-ಕಂಟೆಂಟ್ (wp-content) ಒಳಗಿನ ಪ್ಲಗಿನ್ಸ್ ಫೋಲ್ಡರ್ ಹೆಸರು ಬದಲ್ ಮಾಡ್ರಿ, ಎಲ್ಲಾ ಪ್ಲಗಿನ್ ಒಮ್ಮೆಲೆ ಬಂದ್ ಆಗ್ತಾವು. ಸೈಟ್ ತೆರೀತಂದ್ರ ಲಾಗಿನ್ ಆಗಿ ಪ್ಲಗಿನ್ ಪೇಜ್ ಒಮ್ಮೆ ನೋಡಿ, ಆಮ್ಯಾಲ ಹಳೇ ಹೆಸರು ವಾಪಸ್ ಇಟ್ಟು ಒಂದೊಂದ ಚಾಲೂ ಮಾಡ್ಕೋತ ಹೋಗ್ರಿ, ಯಾವ್ದಕ್ಕ ಮತ್ತ ಬೆಳ್ಳಗಾಗ್ತೈತೋ ಅದ ಕಳ್ಳ, ತಗದ್ ಹಾಕ್ರಿ.

ಇನ್ನ ಮೆಂಟೆನನ್ಸ್ ಅಂತ ತೋರಿಸಿ ಅಲ್ಲೇ ಸಿಕ್ಕೊಂಡ್ರ, ಮುಖ್ಯ ಫೋಲ್ಡರ್‌ನಾಗ ಚುಕ್ಕಿಯಿಂದ ಶುರುವಾಗೂ ಮೆಂಟೆನನ್ಸ್ (.maintenance) ಫೈಲ್ ಅಡಗಿರ್ತೈತಿ, ಅಡಗಿದ ಫೈಲ್ ತೋರ್ಸು ಅಂತ ಟಿಕ್ ಮಾಡಿ ಅದನ್ನ ಡಿಲೀಟ್ ಮಾಡ್ರಿ.

ದಯವಿಟ್ಟು ಅಪ್‌ಡೇಟ್ ಒತ್ತೂ ಮೊದ್ಲ ಬ್ಯಾಕಪ್ ತಗೋರಿ, ಫೈಲ್ ಅಷ್ಟ ಅಲ್ಲ ಡೇಟಾಬೇಸೂ ಬೇಕು, ಅದೂ ಹೋಸ್ಟಿಂಗ್‌ನಾಗ ಬ್ಯಾಡ, ನಿಮ್ಮ ಲ್ಯಾಪ್‌ಟಾಪ್‌ನಾಗ ಇಳಿಸಿ ಇಟ್ಕೋರಿ.