ಸಾರ್ಕ್ ದ್ವೀಪಕ್ಕೆ ಹೋಗಬೇಕೆಂದರೆ ದೋಣಿಯಿಂದ ಹಿಂದಕ್ಕೆ ಲೆಕ್ಕ ಹಾಕಿ

ದೂರದ ಪ್ರಯಾಣ ಅಂದರೆ ಮೊದಲು ವಿಮಾನದ ಟಿಕೆಟ್ ನೋಡುವುದು ನಮ್ಮ ರೂಢಿ. ಸಾರ್ಕ್‌ನಂಥ ಪುಟ್ಟ ದ್ವೀಪಕ್ಕೆ ಆ ಕ್ರಮ ಹೊಂದುವುದಿಲ್ಲ. ಬೆಂಗಳೂರಿನಿಂದ ಲಂಡನ್ನಿಗೆ ದಿನವೂ ವಿಮಾನ ಸಿಗುತ್ತದೆ. ಸಾರ್ಕ್‌ಗೆ ಹೋಗುವ ಕೊನೆಯ ತುಂಡು ಮಾತ್ರ ಸಣ್ಣ ದೋಣಿ, ಅದು ಋತು ನೋಡಿ, ಗಾಳಿ ನೋಡಿ ಹೊರಡುತ್ತದೆ. ಹಾಗಾಗಿ ನಾನು ಹಾಳೆಯ ಮೇಲೆ ಮೊದಲು ಬರೆದದ್ದು ದೋಣಿಯ ದಿನ. ಅದಕ್ಕೆ ಮೊದಲಿನದೆಲ್ಲ, ಬಳ್ಳಾರಿಯ ರೈಲಿನ ತನಕ, ಹಿಂದಕ್ಕೆ ಎಣಿಸುತ್ತ ಬಂದದ್ದು.

ಸಾರ್ಕ್ ಇಂಗ್ಲಿಷ್ ಕಾಲುವೆಯಲ್ಲಿ, ಫ್ರಾನ್ಸಿನ ಕರಾವಳಿಗೇ ಹತ್ತಿರದಲ್ಲಿದೆ. ಸುಮಾರು ಐದೂವರೆ ಚದರ ಕಿಲೋಮೀಟರ್ ನೆಲ, ಐನೂರರ ಆಸುಪಾಸು ಜನ. ಬ್ರಿಟನ್ನಿನ ರಾಜರಿಗೆ ಸೇರಿದ್ದು, ಆದರೆ ಬ್ರಿಟನ್ ದೇಶದ ಭಾಗವಲ್ಲ. ಗರ್ನ್‌ಸಿ ಬೇಲಿವಿಕ್ ಎಂಬ ದ್ವೀಪಗಳ ಗುಂಪಿನೊಳಗೆ (ಗರ್ನ್‌ಸಿ ಅದರ ದೊಡ್ಡ ದ್ವೀಪ) ತನ್ನದೇ ಶಾಸನಸಭೆ ಇಟ್ಟುಕೊಂಡಿದೆ, ಹೆಸರು ಚೀಫ್ ಪ್ಲೀಸ್. 1565ರಲ್ಲಿ ರಾಣಿ ಒಂದನೇ ಎಲಿಜಬೆತ್ ಈ ದ್ವೀಪವನ್ನು ಹೆಲಿಯರ್ ಡಿ ಕಾರ್ಟರೆಟ್ ಎಂಬಾತನಿಗೆ ಜಹಗೀರು ಕೊಟ್ಟಳು. ಆ ವ್ಯವಸ್ಥೆಯ ಬಾಲ ನಮ್ಮ ಕಾಲದವರೆಗೂ ಉಳಿದಿತ್ತು. ಸಭೆಗೆ ಪೂರ್ತಿ ಚುನಾವಣೆ ನಡೆದದ್ದು 2008ರ ಡಿಸೆಂಬರಿನಲ್ಲಿ. ಇದನ್ನೆಲ್ಲ ಹೇಳುವುದಕ್ಕೆ ಕಾರಣ ಇದೆ. ರಕ್ಷಣೆ, ವಿದೇಶ ವ್ಯವಹಾರ ಲಂಡನ್ನಿನದು. ವಲಸೆ ತಪಾಸಣೆ ಗರ್ನ್‌ಸಿಯದು. ರಸ್ತೆ, ವಾಹನ, ತೆರಿಗೆಯಂಥವು ಸಾರ್ಕಿನದೇ. ‘ಅದೂ ಇಂಗ್ಲೆಂಡೇ ತಾನೆ’ ಅಂದುಕೊಂಡು ಹೊರಟರೆ ಫೋನು, ವಿಮೆ, ದುಡ್ಡು ಒಂದೊಂದರಲ್ಲೂ ಎಡವುತ್ತೀರಿ.

ಮೊದಲು ತಿಂಗಳು. ಬೇಸಿಗೆಯಲ್ಲಿ ದೋಣಿಗಳು ದಿನಕ್ಕೆ ಹಲವು ಸಲ ಓಡುತ್ತವೆ. ಚಳಿಗಾಲದಲ್ಲಿ ಸಂಖ್ಯೆ ಬಹಳ ಇಳಿಯುತ್ತದೆ, ಅಂಗಡಿ–ಹೋಟೆಲುಗಳೂ ಎಷ್ಟೋ ಮುಚ್ಚಿರುತ್ತವೆ. ನಮ್ಮ ಕಡೆ ಎರಡನೇ ಬೆಳೆಯ ಭತ್ತ ಕೊಯ್ದು, ತುಂಗಭದ್ರಾ ಕಾಲುವೆಗೆ ನೀರು ಬಿಡುವ ತನಕ ಸಿಗುವ ಮೇ–ಜೂನ್ ಬಿಡುವು ಇದಕ್ಕೆ ಸರಿಯಾಗಿ ಕೂಡಿಬರುತ್ತದೆ. ಬಳ್ಳಾರಿ 40 ಡಿಗ್ರಿ ದಾಟಿ ಕಾಯುತ್ತಿರುವಾಗ ಅಲ್ಲಿ 15ರ ಆಸುಪಾಸು. ಸ್ವೆಟರ್ ಜೊತೆಗೆ ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಚಳಿಗಿಂತ ಗಾಳಿಯೇ ಹೆಚ್ಚು ಕಾಡುವುದು.

ತಿಂಗಳಾದ ಮೇಲೆ ದಿನ. ಇದಕ್ಕೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು. ಅಲ್ಲಿನ ಸಮುದ್ರದ ಉಬ್ಬರ–ಇಳಿತ ಜಗತ್ತಿನಲ್ಲೇ ದೊಡ್ಡವುಗಳಲ್ಲಿ ಒಂದು. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನಕ್ಕೆ ನೀರಿನ ಏರಿಳಿತ ಎಂಟು ಮೀಟರಿನಷ್ಟಾಗುತ್ತದೆ, ಜೋರಿದ್ದಾಗ ಹತ್ತರ ಹತ್ತಿರ ಹೋಗುತ್ತದೆ. ದ್ವೀಪದ ದಕ್ಷಿಣ ಭಾಗವಾದ ಲಿಟಲ್ ಸಾರ್ಕಿನ ವೀನಸ್ ಪೂಲ್ ಎಂಬ ಬಂಡೆಗೊಳಕ್ಕೆ ಇಳಿಯಬೇಕಾದರೆ ಇಳಿತವೇ ಬೇಕು. ಗೂಲಿಯೋ ಗುಹೆಗಳಿಗೆ ಬರೀ ಇಳಿತ ಸಾಲದು, ಇಂಥ ದೊಡ್ಡ ಇಳಿತವೇ ಆಗಬೇಕು. ಆ ದಿನಗಳಲ್ಲಿ ಇಳಿತ ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೇ ಬೀಳುವುದು ಇನ್ನೊಂದು ಅನುಕೂಲ. ಜೊತೆಗೆ, 2011ರಲ್ಲಿ ಸಾರ್ಕ್ ಜಗತ್ತಿನ ಮೊದಲ ‘ಡಾರ್ಕ್ ಸ್ಕೈ’ ದ್ವೀಪ ಎಂದು ಮಾನ್ಯತೆ ಪಡೆದಿದೆ, ಬೀದಿದೀಪವೇ ಇಲ್ಲ. ನಕ್ಷತ್ರ ನೋಡುವವರಿಗೆ ಬೆಳದಿಂಗಳು ಅಡ್ಡಿ. ಆದ್ದರಿಂದ ಹುಣ್ಣಿಮೆ ಬಿಟ್ಟು ಅಮಾವಾಸ್ಯೆಯ ವಾರ ಹಿಡಿದರೆ ದೊಡ್ಡ ಇಳಿತ, ಕಪ್ಪು ಆಕಾಶ ಎರಡೂ ಒಟ್ಟಿಗೆ ಸಿಗುತ್ತವೆ. ಅಮಾವಾಸ್ಯೆ ದಿನ ಪ್ರಯಾಣ ಬೇಡ ಎನ್ನುವ ಹಿರಿಯರಿದ್ದರೆ ಮೂರು ದಿನ ಮೊದಲೇ ಮನೆ ಬಿಡಿ, ಹೇಗೂ ಅಷ್ಟು ಸಮಯ ಬೇಕು. ಒಂದು ಎಚ್ಚರಿಕೆ: ಕೆಲವು ಉಬ್ಬರದ ಪಟ್ಟಿಗಳು ಗ್ರೀನ್‌ವಿಚ್ ಸಮಯದಲ್ಲಿರುತ್ತವೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಆ ಒಂದು ಗಂಟೆ ಸೇರಿಸಲು ಮರೆತರೆ ನೀರು ಪೂರ್ತಿ ಇಳಿಯುವ ಒಂದು ಗಂಟೆ ಮೊದಲೇ ಹೋಗಿ ನಿಂತಿರುತ್ತೀರಿ.

ದೋಣಿ ಹೊರಡುವುದು ಗರ್ನ್‌ಸಿಯ ಸೇಂಟ್ ಪೀಟರ್ ಪೋರ್ಟ್ ಬಂದರಿನಿಂದ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ದಾರಿ. ಐಲ್ ಆಫ್ ಸಾರ್ಕ್ ಶಿಪ್ಪಿಂಗ್ ಕಂಪನಿಯ ವೇಳಾಪಟ್ಟಿ ನೋಡಿ ಮುಂಗಡ ಬುಕ್ ಮಾಡಬೇಕು. ಭಾನುವಾರದ ದೋಣಿ ಉಳಿದ ದಿನದ ಹಾಗೇ ಇರುತ್ತದೆಂದು ನಂಬಬೇಡಿ, ಆಯಾ ದಿನದ್ದನ್ನೇ ತೆಗೆದು ನೋಡಿ. ಸಾರ್ಕಿನ ಎರಡು ಬಂದರುಗಳೂ, ಮ್ಯಾಸೆಲೀನ್ ಮತ್ತು ಕ್ರೂ, ಪೂರ್ವ ದಿಕ್ಕಿಗಿವೆ. ಪೂರ್ವದ ಗಾಳಿ ಜೋರಾದರೆ ದೋಣಿ ಕಟ್ಟುವುದೇ ಕಷ್ಟ. ತುಂಗಭದ್ರಾ ಡ್ಯಾಮಿನ ಗೇಟು ತೆಗೆದಾಗ ವಿರುಪಾಪುರ ಗಡ್ಡೆಯ ಕಡೆ ದೋಣಿ ನಿಂತುಬಿಡುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಎಷ್ಟು ದುಡ್ಡು ಕೊಟ್ಟರೂ ಆ ದಿನ ದಾಟುವಂತಿಲ್ಲ.

ಆದ್ದರಿಂದ ಖಾಲಿ ದಿನ ಇಟ್ಟುಕೊಳ್ಳಬೇಕು. ಎಲ್ಲಿ ಇಡಬೇಕು ಅನ್ನುವುದೇ ಮುಖ್ಯ. ಹೋಗುವಾಗ ಸೇಂಟ್ ಪೀಟರ್ ಪೋರ್ಟಿನಲ್ಲಿ ಒಂದು ರಾತ್ರಿ. ಬರುವಾಗ ಭಾರತದ ವಿಮಾನಕ್ಕೆ ಕನಿಷ್ಠ ಎರಡು ದಿನ ಮೊದಲು ಸಾರ್ಕ್ ಬಿಡಿ, ಒಂದು ರಾತ್ರಿ ಗರ್ನ್‌ಸಿಯಲ್ಲಿ, ಒಂದು ರಾತ್ರಿ ಲಂಡನ್ನಿನ ಬಳಿ ಕಳೆಯಿರಿ. ಗರ್ನ್‌ಸಿ ವಿಮಾನ ನಿಲ್ದಾಣಕ್ಕೆ ಮಂಜು ಕವಿಯುವುದು ಮಾಮೂಲು, ಬೇಸಿಗೆಯ ಮೊದಲ ತಿಂಗಳುಗಳಲ್ಲೂ ಕವಿಯುತ್ತದೆ. ದೋಣಿ ಬಂದರೂ ವಿಮಾನ ನಿಲ್ಲಬಹುದು. ಈ ಟಿಕೆಟ್‌ಗಳೆಲ್ಲ ಬೇರೆ ಬೇರೆ ಕಂಪನಿಯವು. ಒಂದು ತಪ್ಪಿದ್ದಕ್ಕೆ ಇನ್ನೊಂದು ಕಂಪನಿ ಹೊಣೆ ಹೊರುವುದಿಲ್ಲ. ಲಗೇಜನ್ನೂ ನೀವೇ ಇಳಿಸಿಕೊಂಡು ಮತ್ತೆ ಕೊಡಬೇಕು.

ದಾರಿ ಹೀಗೆ. ಗರ್ನ್‌ಸಿಗೆ ಅಲ್ಲಿನ ಸರ್ಕಾರದ್ದೇ ಆದ ಆರಿನಿ ವಿಮಾನ ಕಂಪನಿಯ ಮುಖ್ಯ ಸೇವೆ ಲಂಡನ್ ಗ್ಯಾಟ್‌ವಿಕ್‌ನಿಂದ, ಸುಮಾರು ಒಂದು ಗಂಟೆ. ನಮ್ಮ ಬೆಂಗಳೂರು, ಹೈದರಾಬಾದ್ ವಿಮಾನಗಳು ಇಳಿಯುವುದು ಹೆಚ್ಚಾಗಿ ಹೀಥ್ರೋದಲ್ಲಿ. ಹೀಥ್ರೋದಿಂದ ಗ್ಯಾಟ್‌ವಿಕ್‌ಗೆ ನೇರ ಕೋಚ್ ಬಸ್ಸಿದೆ. ದಾರಿ ಒಂದೂವರೆ ಗಂಟೆ ಅಂದುಕೊಂಡು, ವಲಸೆ ಸಾಲಿಗೆ ಇನ್ನೆರಡು ಗಂಟೆ ಸೇರಿಸಿ. ಅದೇ ದಿನ ಗರ್ನ್‌ಸಿ ವಿಮಾನ ಹಿಡಿಯುವ ಆಸೆ ಬಿಟ್ಟು ಗ್ಯಾಟ್‌ವಿಕ್ ಬಳಿ ಮಲಗುವುದೇ ಲೇಸು. ನಮ್ಮ ತುದಿಯಲ್ಲಿ ಬಳ್ಳಾರಿ, ಹೊಸಪೇಟೆಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಯಲಹಂಕದಲ್ಲಿ ಇಳಿದರೆ ಬೆಂಗಳೂರಿನ ಒಳಗೆ ಹೋಗಿ ಮತ್ತೆ ದೇವನಹಳ್ಳಿಗೆ ತಿರುಗುವ ಕಷ್ಟ ತಪ್ಪುತ್ತದೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಶಂಷಾಬಾದ್ ವಿಮಾನ ನಿಲ್ದಾಣ ಊರಿನ ದಕ್ಷಿಣಕ್ಕಿರುವುದರಿಂದ ಮಹಬೂಬ್‌ನಗರದ ರಸ್ತೆಯಲ್ಲಿ ಬಂದರೆ ಹೈದರಾಬಾದಿನ ಟ್ರಾಫಿಕ್ಕಿಗೆ ಸಿಗದೆ ಮುಟ್ಟಬಹುದು.

ಇನ್ನು ವೀಸಾ. ಸಾರ್ಕ್‌ಗೆ ಪ್ರತ್ಯೇಕ ವೀಸಾ ಇಲ್ಲ. ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಇದ್ದು, ಲಂಡನ್ ಮೂಲಕ ಹೋಗುವವರಿಗೆ ಅದೇ ಸಾಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲು ಬರುವುದಿಲ್ಲ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರಕ್ಕೆ ತೀರ್ಮಾನ ಬರುತ್ತದೆ. ಬೆರಳಚ್ಚಿಗೆ, ವೀಸಾ ಅರ್ಜಿ ಪಡೆಯುವ ವಿಎಫ್‌ಎಸ್ ಕೇಂದ್ರಗಳು ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ಇವೆ. ಪ್ರಯಾಣದ ವಿವರದಲ್ಲಿ ಬರೀ ‘ಲಂಡನ್’ ಎಂದು ಬರೆಯದೆ ಗರ್ನ್‌ಸಿ, ಸಾರ್ಕ್ ರಾತ್ರಿಗಳನ್ನೂ ತೋರಿಸಿ.

ನಮ್ಮ ಜಿಲ್ಲೆಗಳವರ ಅರ್ಜಿ ಸೊರಗುವುದು ಆದಾಯದ ಕಾಗದಗಳಲ್ಲಿ. ಸಂಬಳದವರಿಗೆ ಸ್ಲಿಪ್ಪು, ರಜೆ ಪತ್ರ ಸಾಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಎಷ್ಟೋ ರೈತರ ಬಳಿ ರಿಟರ್ನ್ಸೇ ಇರುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡೋ ಸಿರುಗುಪ್ಪದಲ್ಲಿ ಭತ್ತ ಮಾರಿದ ದುಡ್ಡೋ ಖಾತೆಗೆ ಒಂದೇ ಸಲ ಬಂದು ಬಿದ್ದಿರುತ್ತದೆ. ವೀಸಾ ಅಧಿಕಾರಿಯ ಕಣ್ಣಿಗೆ ಅದು ಅರ್ಜಿಗೋಸ್ಕರ ತಂದು ಹಾಕಿದ ಸಾಲದ ಹಾಗೆ ಕಾಣುತ್ತದೆ. ಅದಕ್ಕೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪ್ರತಿ ದೊಡ್ಡ ಜಮೆಗೂ ಒಂದು ನಂಬರು ಕೊಟ್ಟು, ಅದೇ ನಂಬರಿನ ದಲಾಲಿ ಅಂಗಡಿಯ ಲೆಕ್ಕಪಟ್ಟಿ ಲಗತ್ತಿಸಿ. ತಾರೀಖು, ಮೊತ್ತ ಎರಡೂ ತಾಳೆಯಾಗಬೇಕು. ಮಾರಿದ ದುಡ್ಡನ್ನು ನಗದಾಗಿ ತೆಗೆದುಕೊಂಡು ಮನೆಯಲ್ಲಿಟ್ಟು ಆಮೇಲೆ ಜಮೆ ಮಾಡಿದ್ದರೆ ವಿವರಿಸುವುದು ಕಷ್ಟ, ಆ ಸುಗ್ಗಿಯ ದುಡ್ಡು ನೇರ ಬ್ಯಾಂಕಿಗೇ ಬರುವಂತೆ ಮೊದಲೇ ಹೇಳಿಡಿ.

ಪಹಣಿ, ಲೆಕ್ಕಪಟ್ಟಿ ಕನ್ನಡದಲ್ಲಿರುತ್ತವೆ, ಇಂಗ್ಲಿಷ್ ಅನುವಾದ ಜೊತೆಗಿರಲೇಬೇಕು. ಅನುವಾದದ ಕೆಳಗೆ ‘ಇದು ಮೂಲಕ್ಕೆ ಸರಿಯಾಗಿದೆ’ ಎಂಬ ಮಾತು, ತಾರೀಖು, ಅನುವಾದಕರ ಪೂರ್ತಿ ಹೆಸರು, ಸಹಿ, ಸಂಪರ್ಕ ವಿವರ ಇಷ್ಟೂ ಬೇಕು. ನೋಟರಿ ಮುದ್ರೆ ಒಂದನ್ನೇ ಒತ್ತಿಸಿದರೆ ಇವು ಬಂದಂತಾಗುವುದಿಲ್ಲ. ಜಮೀನು ತಂದೆಯವರ ಅಥವಾ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ವಂಶವೃಕ್ಷ ಸೇರಿಸಿ, ಖರ್ಚು ಅವರು ಕೊಡುತ್ತಿದ್ದರೆ ಅವರ ಪತ್ರವನ್ನೂ ಸೇರಿಸಿ. ಎಕರೆ–ಗುಂಟೆಯ ಲೆಕ್ಕ ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. ಮುಂಗಾರು ಬೆಳೆಗೆ ವಾಪಸು ಬರಲೇಬೇಕು ಎನ್ನುವುದು ನಿಜವಾದ ಕಾರಣ, ಅದನ್ನೂ ಬರೆಯಿರಿ.

ನಕ್ಷೆ ನೋಡಿದವರಿಗೆ ಫ್ರಾನ್ಸಿನಿಂದ ದಾಟಿಬಿಡೋಣ ಅನಿಸುತ್ತದೆ. ಅದಕ್ಕೆ ಯುರೋಪಿನ ಷೆಂಗೆನ್ ವೀಸಾ ಬೇರೆ ಬೇಕು, ಗರ್ನ್‌ಸಿಗೆ ಬ್ರಿಟಿಷ್ ವೀಸಾ ಹೇಗೂ ಬೇಕು. ಗುರುತಿನ ಚೀಟಿ ತೋರಿಸಿ ಒಂದು ದಿನಕ್ಕೆ ಹೋಗಿ ಬರಬಹುದು ಎಂದು ಎಲ್ಲಾದರೂ ಓದಿದ್ದರೆ ಅದು ಫ್ರೆಂಚ್ ಪ್ರಜೆಗಳಿಗೆ ಮಾತ್ರ.

ಫೋನಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಗರ್ನ್‌ಸಿ, ಸಾರ್ಕ್ ನಂಬರುಗಳೂ ಬ್ರಿಟನ್ನಿನ ಹಾಗೆ +44ರಿಂದಲೇ ಶುರುವಾಗುತ್ತವೆ, ಆದರೆ ಅಲ್ಲಿನ ಮೊಬೈಲ್ ಕಂಪನಿಗಳು ಬೇರೆ. ‘ಯುಕೆ’ ಎಂದು ಮಾರುವ ರೋಮಿಂಗ್ ಪ್ಯಾಕಿನ ದೇಶಗಳ ಪಟ್ಟಿಯಲ್ಲಿ ಗರ್ನ್‌ಸಿ ಹೆಸರು ಇದೆಯೇ ಎಂದು ಹುಡುಕಿ. ಲಂಡನ್ನಿನಲ್ಲಿ ಕೊಂಡ ಸಿಮ್ಮಿಗೂ ಇದೇ ಮಾತು. ವಿಮೆಯಲ್ಲೂ ಹಾಗೇ: ಪಾಲಿಸಿಯಲ್ಲಿ ಚಾನೆಲ್ ದ್ವೀಪಗಳು (ಗರ್ನ್‌ಸಿ, ಸಾರ್ಕ್ ಸೇರಿದ ಈ ಕಡಲಿನ ದ್ವೀಪಗಳು) ಸೇರಿರಬೇಕು, ತುರ್ತಿನಲ್ಲಿ ದೋಣಿಯಲ್ಲಿ ಸಾಗಿಸುವ ಖರ್ಚು ಸೇರಿರಬೇಕು. ಸಾರ್ಕಿನಲ್ಲಿ ಆಸ್ಪತ್ರೆ ಇಲ್ಲ. ವೈದ್ಯರಿದ್ದಾರೆ, ಶುಲ್ಕ ಕೊಡಬೇಕು. ಆಂಬ್ಯುಲೆನ್ಸನ್ನು ಟ್ರ್ಯಾಕ್ಟರ್ ಎಳೆಯುತ್ತದೆ. ಗಂಭೀರವಾದರೆ ಗರ್ನ್‌ಸಿಗೇ ಒಯ್ಯಬೇಕು. ಬಿಪಿ, ಶುಗರ್ ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಕಟ್ಟಿಕೊಂಡು, ಚೀಟಿ ಸಮೇತ ಕೈಚೀಲದಲ್ಲಿಡಿ. ನಗದು ಪೌಂಡನ್ನು ಗರ್ನ್‌ಸಿಯಲ್ಲೇ ತೆಗೆದಿಟ್ಟುಕೊಳ್ಳಿ.

ಲಗೇಜಿಗೆ ಹೆಸರು ಮತ್ತು ಸಾರ್ಕಿನಲ್ಲಿ ಉಳಿಯುವ ಮನೆಯ ಹೆಸರು ದಪ್ಪಕ್ಷರದಲ್ಲಿ ಬರೆದ ಚೀಟಿ ಕಟ್ಟಬೇಕು. ಬಂದರಿನಿಂದ ಸಾಮಾನು ಸಾಗಿಸುವವರು ಬೇರೆ, ಅವರು ಚೀಟಿ ನೋಡಿ ಟ್ರ್ಯಾಕ್ಟರಿನಲ್ಲಿ ಮನೆಗೆ ಮುಟ್ಟಿಸುತ್ತಾರೆ. ಹೆಸರಿಲ್ಲದ ಪೆಟ್ಟಿಗೆ ಬಂದರಿನಲ್ಲೇ ಉಳಿಯುತ್ತದೆ. ದ್ವೀಪದ ಮೇಲ್ಭಾಗ ಸಮುದ್ರದಿಂದ ನೂರು ಮೀಟರಿನಷ್ಟು ಎತ್ತರದ ಬಯಲು, ಬಂದರಿನಿಂದ ಅಲ್ಲಿಗೆ ಕಡಿದಾದ ಏರು. ವಯಸ್ಸಾದವರಿಗೆ ಜನ ಸಾಗಿಸುವ ಟ್ರ್ಯಾಕ್ಟರ್ ಬಂಡಿ ಇದೆ. ಕಾರು ಯಾರಿಗೂ ಇಲ್ಲ. ನಡಿಗೆ, ಬಾಡಿಗೆ ಸೈಕಲ್ಲು, ಕುದುರೆ ಗಾಡಿ, ಇಷ್ಟೇ. ರಸ್ತೆಗಳಿಗೆ ಡಾಂಬರಿಲ್ಲ, ಮಳೆ ಬಂದರೆ ಕೆಸರು. ಹಿಡಿತವಿರುವ ಬೂಟು ಹಾಕಿ. ಒಬ್ಬೊಬ್ಬರಿಗೂ ಒಂದು ಟಾರ್ಚ್ ಇರಲಿ, ಮೊಬೈಲಿನ ಬೆಳಕು ನಂಬಿಕೊಂಡು ಹೋಗಬೇಡಿ. ದ್ವೀಪದ ಎರಡು ಭಾಗಗಳನ್ನು ಕೂಡಿಸುವ ಲಾ ಕೂಪೇ ಎಂಬ ಕಡಿದಾದ ದಿಣ್ಣೆಯ ರಸ್ತೆ ಸುಮಾರು ಮೂರು ಮೀಟರ್ ಅಗಲ, ಎರಡೂ ಕಡೆ ಎಂಬತ್ತು ಮೀಟರ್ ಇಳಿಜಾರು. ಅಲ್ಲಿನ ಕಾಂಕ್ರೀಟ್ ರಸ್ತೆ, ಕಂಬಿಗಳನ್ನು 1945ರಲ್ಲಿ ಜರ್ಮನ್ ಯುದ್ಧ ಕೈದಿಗಳ ಕೈಯಲ್ಲಿ ಕಟ್ಟಿಸಿದರು. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ದಾಟಬೇಕು. ಮದುವೆ ಫೋಟೋದವರ ಡ್ರೋನ್ ತರುವ ಯೋಚನೆ ಬಿಡಿ, ದ್ವೀಪದ ಮೇಲೆ 2,400 ಅಡಿಯ ಕೆಳಗೆ ಹಾರಾಟಕ್ಕೆ ನಿರ್ಬಂಧವಿದೆ.

ಊಟಕ್ಕೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ಒಳ್ಳೆಯದು. ತುಪ್ಪ, ಪೇಡ, ಕೋವಾ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಬ್ರಿಟನ್ ಬಿಡುವುದಿಲ್ಲ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು ಅಕ್ಕಿ, ತರಕಾರಿ ಗರ್ನ್‌ಸಿಯಲ್ಲೇ ಕೊಂಡು ದೋಣಿ ಹತ್ತುವುದು ಅಗ್ಗ.

ಗಣಿ ಜಿಲ್ಲೆಯವರು ಲಿಟಲ್ ಸಾರ್ಕಿನ ತುದಿಯವರೆಗೂ ನಡೆಯಬೇಕು. 1830ರ ದಶಕದಲ್ಲಿ ಅಲ್ಲಿ ಬೆಳ್ಳಿ–ಸೀಸದ ಗಣಿ ಶುರುವಾಗಿತ್ತು, ಕಲ್ಲಿನ ಹೊಗೆಗೂಡು ಈಗಲೂ ನಿಂತಿದೆ. ಗಣಿಗೆ ಸುರಿದ ದುಡ್ಡು ಮರಳಲಿಲ್ಲ. ದ್ವೀಪವನ್ನೇ ಅಡ ಇಟ್ಟಿದ್ದ ಆಗಿನ ಜಹಗೀರುದಾರ ಲೆ ಪೆಲ್ಲಿ ಮನೆತನ 1852ರಲ್ಲಿ ಅದನ್ನು ಮೇರಿ ಕಾಲಿಂಗ್ಸ್ ಎಂಬವಳಿಗೆ ಬಿಟ್ಟುಕೊಟ್ಟಿತು. ವೀನಸ್ ಪೂಲ್ ಆ ಗಣಿಯ ಸಮೀಪವೇ ಇದೆ. ಎರಡನ್ನೂ ಒಂದೇ ಇಳಿತದಲ್ಲಿ ಮುಗಿಸಬಹುದು, ನೀರು ಅತಿ ಕೆಳಗಿರುವ ಹೊತ್ತಿಗೆ ಒಂದು ಗಂಟೆ ಮೊದಲೇ ಕೊಳದ ಬಳಿ ಇರಿ.

ವಾಪಸು ಬರುವಾಗ ಗರ್ನ್‌ಸಿ ಮುದ್ರೆಯ ನೋಟು ಕೈಯಲ್ಲಿ ಉಳಿಸಬೇಡಿ. ಬೆಲೆ ಇಂಗ್ಲೆಂಡಿನ ಪೌಂಡಿಗೆ ಸಮವೇ, ಆದರೆ ಲಂಡನ್ನಿನ ಅಂಗಡಿಯವರು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಬಳ್ಳಾರಿಯಲ್ಲಿ ಬದಲಿಸಿಕೊಳ್ಳುವ ಮಾತಂತೂ ದೂರ. ಸೇಂಟ್ ಪೀಟರ್ ಪೋರ್ಟಿನಲ್ಲಿ ಕಳೆಯುವ ಕೊನೆಯ ಸಂಜೆಯೇ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಬದಲಿಸಿಕೊಳ್ಳಿ, ಇಲ್ಲವೇ ಹೋಟೆಲ್ ಬಿಲ್ಲಿಗೆ ಕೊಟ್ಟು ಮುಗಿಸಿ.