ವ್ಯಾನ್ ಕ್ಯಾಂಪರ್ ಕೆಲಸ ಅರ್ಧಕ್ಕೆ ನಿಂತಿದೆಯಾ? ಹೀಗೆ ಮಾಡಿ

ಮಂಚ ಕೂರಿಸಿದ್ದಾಯ್ತು, ಒಳಗೋಡೆಗೆ ಪ್ಲೈವುಡ್ ಹೊಡೆದಿದ್ದಾಯ್ತು, ಮೊದಲ ಮಳೆಗೇ ಹಾಸಿಗೆ ಒದ್ದೆ. ಮಾರುತಿ ಈಕೋನೋ ಟೆಂಪೋ ಟ್ರಾವೆಲರೋ ತಗೊಂಡು ಸ್ವಂತವಾಗಿ ಕ್ಯಾಂಪರ್, ಅಂದರೆ ಒಳಗೇ ಮಲಗಿಕೊಂಡು ಊರು ಸುತ್ತುವ ಗಾಡಿ, ಮಾಡಲು ಹೊರಟವರು ಬೇಸತ್ತು ಕೂರುವುದು ಇಲ್ಲೇ. ಸೋರುವ ಸಂದು ಮುಚ್ಚುವುದು ಸಣ್ಣ ಕೆಲಸ, ಅಲ್ಲಿಗೆ ಕೈ ಹೋಗಲು ಅಂಟು ಹಾಕಿದ ಗೋಡೆ ಒಡೆಯಬೇಕಲ್ಲ, ಅದೇ ತಲೆನೋವು. ಆದ್ದರಿಂದ ಏನೇ ಕೂರಿಸಿದರೂ ಬೋಲ್ಟ್ ಬಿಚ್ಚಿದರೆ ಹೊರಗೆ ಬರುವಂತೆ ಕೂರಿಸಿ.

ಸೋರಿಕೆ ಹುಡುಕಲು ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ. ನೀರನ್ನು ಕೆಳಗಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ತನ್ನಿ. ಮೊದಲೇ ಟಾಪ್ ಮೇಲೆ ಸುರಿದರೆ ಎಲ್ಲ ಕಡೆಯೂ ಇಳಿದು ಎಲ್ಲಿಂದ ಬಂತು ಅನ್ನೋದೇ ತಿಳಿಯುವುದಿಲ್ಲ. ಒಳಗಡೆ ಟಾಲ್ಕಂ ಪೌಡರ್ ಉದುರಿಸಿದ್ದರೆ ನೀರು ಹರಿದ ದಾರಿ ಗೆರೆಯಂತೆ ಕಾಣುತ್ತದೆ. ಕಿಟಕಿ ರಬ್ಬರ್, ಟಾಪ್‌ಗೆ ಫ್ಯಾನ್ ಕೂರಿಸಲು ಕೊರೆದ ತೂತು, ಕ್ಯಾರಿಯರ್ ಬೋಲ್ಟ್, ಈ ಮೂರನ್ನು ಮೊದಲು ನೋಡಿ. ಸಂದು ಮುಚ್ಚಲು ಹಚ್ಚಿದ ಹಳೇ ಸಿಲಿಕಾನ್ ಅಂಟಿನ ಮೇಲೆ ಹೊಸ ಸಿಲಿಕಾನ್ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಲೇಬೇಕು. ಕೊರೆದ ತಗಡಿನ ಅಂಚಿಗೆ ಪ್ರೈಮರ್ ಹಚ್ಚದಿದ್ದರೆ ತುಕ್ಕು ಗ್ಯಾರಂಟಿ.

ಮಳೆಯೇ ಬಾರದ ರಾತ್ರಿಯೂ ತಗಡು ಒದ್ದೆಯಾಗಿದೆಯಾ? ಅದು ನಿಮ್ಮ ಉಸಿರಿನ ತೇವ. ಎದುರುಬದುರು ಎರಡು ಕಿಟಕಿ ಒಂದಿಷ್ಟು ತೆರೆದಿಡಿ, ಸಾಕು. ಆದರೆ ಶಾಖ ತಡೆಯಲು ಗೋಡೆಯೊಳಗೆ ಗ್ಲಾಸ್‌ವೂಲ್ (ಗಾಜಿನ ಎಳೆಯ ಉಣ್ಣೆ) ತುಂಬಿದ್ದರೆ ತೆಗೆದುಹಾಕಿ, ನೆನೆದರೆ ಅದು ಸುಲಭಕ್ಕೆ ಒಣಗುವುದಿಲ್ಲ.

ಎರಡನೇ ಕಾಟ ವೈರಿಂಗ್. ಫ್ರಿಜ್ ಶುರುವಾದ ಕೂಡಲೇ ಲೈಟ್ ಮಂಕಾಗುತ್ತದೆ, ಎಲ್ಲರೂ ಬ್ಯಾಟರಿಯನ್ನು ಬೈಯುತ್ತಾರೆ. ಮನೆಯ 230 ವೋಲ್ಟ್‌ನಲ್ಲಿ 120 ವ್ಯಾಟ್‌ಗೆ ಅರ್ಧ ಆಂಪಿಯರ್ ಸಾಕು, ವ್ಯಾನ್ ಬ್ಯಾಟರಿಯ 12 ವೋಲ್ಟ್‌ನಲ್ಲಿ ಅದೇ ಕೆಲಸಕ್ಕೆ 10 ಆಂಪಿಯರ್ ಬೇಕು. ಮನೆಗೆ ತಂದು ಉಳಿದ ತೆಳು ವೈರ್ ಇಲ್ಲಿ ನಡೆಯುವುದಿಲ್ಲ. ಫ್ರಿಜ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಇಟ್ಟು ಬ್ಯಾಟರಿ ಹತ್ತಿರ ಒಮ್ಮೆ, ಫ್ರಿಜ್ ಹತ್ತಿರ ಒಮ್ಮೆ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ತಪ್ಪು ವೈರ್‌ನದ್ದು ಅಥವಾ ಜಾಯಿಂಟ್‌ನದ್ದು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಇಂಡಕ್ಷನ್ ಒಲೆ ಆಸೆ ಬಿಡಿ: 2000 ವ್ಯಾಟ್ ಅಂದರೆ 12 ವೋಲ್ಟ್‌ನಲ್ಲಿ 160 ಆಂಪಿಯರ್ ದಾಟುತ್ತದೆ. ಗ್ಯಾಸ್ ಒಲೆಯಾದರೆ ವ್ಯಾನ್ ಹೊರಗೇ ಹಚ್ಚಿ, ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ.

ತೂಕದ ಬಗ್ಗೆ ಯಾರೂ ಯೋಚಿಸುವುದಿಲ್ಲ. 8x4 ಅಡಿಯ 18 ಎಂಎಂ ಪ್ಲೈ ಒಂದೇ ಹಾಳೆ ಸುಮಾರು 30 ಕಿಲೋ, 100 ಲೀಟರ್ ನೀರು 100 ಕಿಲೋ. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ವೇಬ್ರಿಡ್ಜ್‌ಗೆ ಹೋಗಿ ತೂಗಿಸಿ, ಆರ್‌ಸಿಯಲ್ಲಿರುವ ಮಿತಿ ದಾಟಿದ್ದರೆ ಕಪಾಟು ಬಿಚ್ಚಿ.

ಇನ್ನು ಆರ್‌ಟಿಒ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇಂಥ ಕ್ಯಾಂಪರ್‌ಗೆ, ಅಂದರೆ ಕಾನೂನಿನ ಭಾಷೆಯ ಕ್ಯಾರವಾನ್‌ಗೆ, ಎಐಎಸ್-124 ಅಂತ ಬೇರೆಯೇ ಮಾನದಂಡ ಇದೆ, ಸ್ವಂತ ಶೆಡ್‌ನಲ್ಲಿ ಅದನ್ನು ಪೂರೈಸುವುದು ಕಷ್ಟ. ಸೀಟ್ ಕೀಳುವ ಅಥವಾ ಟಾಪ್ ಕೊರೆಯುವ ಮುಂಚೆ ಆರ್‌ಟಿಒದಲ್ಲಿ ಬರಹದಲ್ಲಿ ಕೇಳಿಬಿಡಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ನನ್ನನ್ನು ಕೇಳಿದರೆ, ಸೀಟ್ ಮಡಚಿ ಅದರ ಮೇಲೆ ಕೂರುವ ಮಂಚ, ಎತ್ತಿ ಇಳಿಸುವ ಅಡುಗೆ ಪೆಟ್ಟಿಗೆ, ಹಿಡಿಕೆ ಇರುವ ಬ್ಯಾಟರಿ ಡಬ್ಬ, ಇಷ್ಟಕ್ಕೇ ನಿಲ್ಲಿಸಿ. ಬೋಲ್ಟ್‌ಗೆಲ್ಲ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಹಾಕಿ, ಇಲ್ಲದಿದ್ದರೆ ನಮ್ಮ ರಸ್ತೆಗಳಿಗೆ ಅವು ತಾನಾಗೇ ಬಿಚ್ಚಿಕೊಳ್ಳುತ್ತವೆ.